ಓಟದ ಕಣ ಮತ್ತು ಬಲಹೀನ ಸಹೋದರ: ದೇಹಸಾಧನೆಯ ಕುರಿತು ಒಂದು ದೈವಶಾಸ್ತ್ರೀಯ ಚಿಂತನೆ

ಪೀಠಿಕೆ

ಓಟದ ವಿಷಯದಲ್ಲಿ ಸತ್ಯವೇದವು ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಮನುಷ್ಯನ ಕಾಲ್ಬಲವು ದೇವರ ಸಂತೋಷಕ್ಕೆ ಕಾರಣವಲ್ಲವೆಂದು ಕೀರ್ತನಕಾರನು ಹಾಡುತ್ತಾನೆ (ಕೀರ್ತನೆ 147:10). ವೇಗವುಳ್ಳವನೇ ಗೆಲ್ಲುವನೆಂಬ ನಿಯಮವೇನೂ ಲೋಕದಲ್ಲಿಲ್ಲವೆಂದು ಪ್ರಸಂಗಿಯು ಎಚ್ಚರಿಸುತ್ತಾನೆ (ಪ್ರಸಂಗಿ 9:11). ಎಲ್ಲವೂ ಓಡುವವನ ಪ್ರಯತ್ನದ ಮೇಲಲ್ಲ, ಕರುಣಿಸುವ ದೇವರ ಮೇಲೆ ನಿಂತಿದೆಯೆಂದು ಪೌಲನು ರೋಮಾಪುರದವರಿಗೆ ಬರೆಯುತ್ತಾನೆ (ರೋಮಾ 9:16). ಆದರೆ ಅದೇ ಪೌಲನು ತನ್ನ ಸೇವೆಯನ್ನೂ ವಿಶ್ವಾಸಿಗಳ ಜೀವಿತವನ್ನೂ ವಿವರಿಸುವಾಗ ಮತ್ತೆ ಮತ್ತೆ ಓಟದ ಕಣಕ್ಕೇ ಹೋಗುತ್ತಾನೆ. ಗಲಾತ್ಯ, ಫಿಲಿಪ್ಪಿ, ಕೊರಿಂಥ ಪತ್ರಿಕೆಗಳಲ್ಲಿಯೂ ಎಫೆಸದ ಹಿರಿಯರಿಗೆ ಅವನು ನೀಡಿದ ವಿದಾಯದ ಉಪದೇಶದಲ್ಲಿಯೂ ಈ ರೂಪಕ ಕಾಣಿಸಿಕೊಳ್ಳುತ್ತದೆ. ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಸಾವಿನ ಹೊಸ್ತಿಲಲ್ಲಿ ನಿಂತ ಅಪೊಸ್ತಲನು ತನ್ನ ಬಾಳನ್ನು ಮುಗಿದ ಓಟವೆಂದೇ ಕರೆಯುತ್ತಾನೆ.

ಈ ರೂಪಕವು ಇಂದು ಹೊಸ ಸಂದರ್ಭದಲ್ಲಿ ನಮ್ಮ ಮುಂದೆ ಬಂದಿದೆ. ಬೆಂಗಳೂರಿನಂಥ ನಗರಗಳಲ್ಲಿ ಬೆಳಗಿನ ಓಟ, ವ್ಯಾಯಾಮಶಾಲೆ, ಹೆಜ್ಜೆಗಳನ್ನು ಎಣಿಸುವ ಕೈಗಡಿಯಾರ ಇವೆಲ್ಲ ಮಧ್ಯಮವರ್ಗದ ನಿತ್ಯಜೀವನದ ಭಾಗವಾಗಿವೆ. ಸಭೆಗಳ ಯುವಕ ಸಂಘಗಳೂ ಓಟಗಳನ್ನು ಏರ್ಪಡಿಸುತ್ತಿವೆ. ಅಂಥ ಸಂದರ್ಭಗಳಲ್ಲಿ 1 ಕೊರಿಂಥ 9:24-27ನ್ನು ಓದುವುದು ವಾಡಿಕೆಯಾಗಿದೆ. ದೇಹವನ್ನು ದಂಡಿಸು, ಗುರಿಯತ್ತ ಓಡು, ಬಹುಮಾನವನ್ನು ಗೆಲ್ಲು ಎಂಬುದೇ ಅದರ ಸಾರವೆಂದು ಬೋಧಿಸಲಾಗುತ್ತದೆ. ಈ ಬೋಧನೆ ಪೂರ್ತಿ ತಪ್ಪಲ್ಲ. ಆದರೆ ಪೌಲನು ಆ ಮಾತನ್ನು ಯಾರಿಗೆ, ಯಾವ ವಾದದ ನಡುವೆ ಹೇಳಿದನೆಂಬುದನ್ನು ಬಿಟ್ಟು ಓದಿದರೆ, ಬಲಹೀನರ ಪರವಾಗಿ ಬರೆದ ವಾಕ್ಯವು ಬಲಿಷ್ಠರ ಘೋಷಣೆಯಾಗಿ ಮಾರ್ಪಡುವ ಅಪಾಯವಿದೆ. ಆ ವಾಕ್ಯಭಾಗವನ್ನು ಅದರ ಸ್ವಂತ ಸ್ಥಾನದಲ್ಲಿಟ್ಟು ಓದಿ, ದೇಹಸಾಧನೆಗೂ ಕ್ರೈಸ್ತ ವಿಶ್ವಾಸಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

1. ಕೊರಿಂಥದ ಕಣ

ಕೊರಿಂಥದ ಪೂರ್ವಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಇಸ್ತ್ಮಿಯ ಎಂಬ ಸ್ಥಳವಿದೆ. ಅಲ್ಲಿ ಸಮುದ್ರದೇವತೆಯಾದ ಪೊಸೈಡನ್ನನ ಗುಡಿಯ ಬಳಿ ಎರಡು ವರ್ಷಕ್ಕೊಮ್ಮೆ ಮಹಾ ಕ್ರೀಡೋತ್ಸವ ನಡೆಯುತ್ತಿತ್ತು. ಒಲಿಂಪಿಯ, ಡೆಲ್ಫಿ ಮತ್ತು ನೆಮಿಯಗಳ ಉತ್ಸವಗಳೊಂದಿಗೆ ಇದೂ ಗ್ರೀಕರ ನಾಲ್ಕು ಮಹಾಕ್ರೀಡೆಗಳಲ್ಲಿ ಒಂದು. ಅಪೊಸ್ತಲರ ಕೃತ್ಯಗಳ ಪ್ರಕಾರ ಪೌಲನು ಕೊರಿಂಥದಲ್ಲಿ ಒಂದೂವರೆ ವರ್ಷ ವಾಸಿಸಿದನು (18:11). ಅದೇ ಅಧ್ಯಾಯದಲ್ಲಿ ಹೆಸರಿಸಲ್ಪಟ್ಟಿರುವ ಅಧಿಪತಿ ಗಲ್ಲಿಯೋನನ ಕಾಲವನ್ನು ಡೆಲ್ಫಿಯಲ್ಲಿ ದೊರೆತ ಶಾಸನದ ಆಧಾರದಿಂದ ಕ್ರಿ.ಶ. 51-52ರ ಸುಮಾರಿಗೆ ಇಡಲಾಗುತ್ತದೆ. ಕ್ರಿ.ಶ. 51ರ ವಸಂತದಲ್ಲಿ ನಡೆದ ಕ್ರೀಡೆಗಳ ಸಮಯದಲ್ಲಿ ಪೌಲನು ಅಲ್ಲಿಯೇ ಇದ್ದಿರಬೇಕೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಉತ್ಸವಕ್ಕೆ ಬರುವ ಜನಸಾಗರಕ್ಕೆ ನೆರಳು ಬೇಕಾಗುತ್ತಿತ್ತು. ಅಕ್ವಿಲ ಪ್ರಿಸ್ಕಿಲ್ಲರೊಂದಿಗೆ ಗುಡಾರ ಮಾಡುವ ಕಸುಬಿನಲ್ಲಿದ್ದ ಪೌಲನಿಗೆ ಆಗ ಕೈತುಂಬ ಕೆಲಸ ದೊರೆತಿರಬಹುದೆಂಬ ಊಹೆಯೂ ಉಂಟು.

ಓಟದ ಕಣವನ್ನು ಗ್ರೀಕರು ಸ್ಟಾಡಿಯನ್ ಎಂದು ಕರೆಯುತ್ತಿದ್ದರು. ಅದು 600 ಗ್ರೀಕ್ ಅಡಿಗಳ, ಎಂದರೆ ಹೆಚ್ಚುಕಡಿಮೆ 180ರಿಂದ 190 ಮೀಟರುಗಳ ಅಳತೆಯೂ ಹೌದು. ಪೌಲನು ಇದೇ ಪದವನ್ನು 9:24ರಲ್ಲಿ ಬಳಸುತ್ತಾನೆ. ಒಲಿಂಪಿಯದಲ್ಲಿ ಸ್ಪರ್ಧಿಗಳು ತಾವು ಹತ್ತು ತಿಂಗಳು ನಿಯಮಬದ್ಧವಾಗಿ ಸಾಧನೆ ಮಾಡಿದ್ದೇವೆಂದು ಆಣೆಯಿಡಬೇಕಾಗಿತ್ತೆಂದು ಪೌಸೇನಿಯಸನು ದಾಖಲಿಸಿದ್ದಾನೆ. ಆಹಾರ, ಪಾನ, ನಿದ್ರೆ, ಭೋಗ ಎಲ್ಲದರಲ್ಲಿಯೂ ಕಟ್ಟುನಿಟ್ಟು. ಈ ಸಾಧನೆಯ ಕೊನೆಗೆ ದೊರೆಯುತ್ತಿದ್ದ ಕಿರೀಟವಾದರೋ ಪೈನ್ ಮರದ ಎಳೆಗಳದ್ದು, ಇಲ್ಲವೆ ಒಣಗಿದ ಸೆಲರಿ ಸೊಪ್ಪಿನದು. ಬಾಡಿಹೋಗುವ ಕಿರೀಟವೆಂದು ಪೌಲನು ಹೇಳಿದಾಗ ಕೊರಿಂಥದವರ ಕಣ್ಣ ಮುಂದೆ ಆ ಸೊಪ್ಪೇ ಬಂದಿರಬೇಕು. ಎರಡನೆಯವನಿಗೆ ಅಲ್ಲಿ ಯಾವ ಗೌರವವೂ ಇರಲಿಲ್ಲ. ಗೆದ್ದವನೊಬ್ಬನೇ, ಉಳಿದವರೆಲ್ಲರೂ ಸೋತವರು.

ಹೀಗೆ ಪೌಲನು ಆರಿಸಿಕೊಂಡದ್ದು ಪೇಟೆಯ ಪ್ರತಿಯೊಬ್ಬನಿಗೂ ಪರಿಚಿತವಾದ, ಗೌರವದ ಹಸಿವಿನಿಂದ ತುಂಬಿದ ಒಂದು ದೃಶ್ಯವನ್ನು. ಅದನ್ನು ಅವನು ಯಾತಕ್ಕಾಗಿ ಬಳಸಿದನೆಂಬುದೇ ಮುಂದಿನ ಪ್ರಶ್ನೆ.

2. ವಾದದ ನಡುವೆ ಓಟ

ಒಂಬತ್ತನೆಯ ಅಧ್ಯಾಯವು ಸ್ವತಂತ್ರವಾದ ಪ್ರಬಂಧವಲ್ಲ. ಎಂಟನೆಯ ಅಧ್ಯಾಯದಲ್ಲಿ ಆರಂಭವಾಗುವ ವಿಗ್ರಹಾರ್ಪಿತ ಆಹಾರದ ಚರ್ಚೆ ಹತ್ತನೆಯ ಅಧ್ಯಾಯದ ಅಂತ್ಯದವರೆಗೂ ನಡೆಯುತ್ತದೆ. ಸಭೆಯಲ್ಲಿ ಕೆಲವರು ತಿಳುವಳಿಕೆಯುಳ್ಳವರು. ವಿಗ್ರಹವು ಏನೂ ಅಲ್ಲವೆಂದು ಬಲ್ಲ ಅವರು ಗುಡಿಯ ಔತಣದಲ್ಲಿಯೂ ನಿರ್ಭಯವಾಗಿ ಊಟಕ್ಕೆ ಕುಳಿತುಕೊಳ್ಳುತ್ತಿದ್ದರು. ಅವರನ್ನು ನೋಡಿ, ಮನಸ್ಸಾಕ್ಷಿಯಲ್ಲಿ ಬಲಹೀನನಾದವನು ತಾನೂ ತಿಂದು ಒಳಗೇ ಮುರಿದುಹೋಗುತ್ತಿದ್ದನು. ಪೌಲನು ಬಲಿಷ್ಠರ ತತ್ತ್ವವನ್ನು ಒಪ್ಪುತ್ತಾನೆ, ಅವರ ನಡತೆಯನ್ನು ಒಪ್ಪುವುದಿಲ್ಲ. ಕ್ರಿಸ್ತನು ಯಾರಿಗೋಸ್ಕರ ಪ್ರಾಣಕೊಟ್ಟನೋ ಆ ಸಹೋದರನು ತನ್ನ ಊಟದಿಂದ ಕೆಡುವುದಾದರೆ ತಾನು ಮಾಂಸವನ್ನೇ ಬಿಟ್ಟುಬಿಡುವೆನೆಂದು ಹೇಳಿ ಎಂಟನೆಯ ಅಧ್ಯಾಯವನ್ನು ಮುಗಿಸುತ್ತಾನೆ.

ಒಂಬತ್ತನೆಯ ಅಧ್ಯಾಯದಲ್ಲಿ ಅವನು ತನ್ನನ್ನೇ ಉದಾಹರಣೆಯಾಗಿ ಇಡುತ್ತಾನೆ. ಅಪೊಸ್ತಲನಾಗಿ ಸಭೆಯಿಂದ ಜೀವನೋಪಾಯ ಪಡೆಯುವ ಹಕ್ಕು ಅವನಿಗಿದೆ. ಆ ಹಕ್ಕನ್ನು ಬಗೆಬಗೆಯ ಪ್ರಮಾಣಗಳಿಂದ ಸ್ಥಾಪಿಸಿ, ಕೂಡಲೇ ಅದನ್ನು ತಾನು ಬಳಸಲಿಲ್ಲವೆಂದು ಹೇಳುತ್ತಾನೆ. ಸ್ವತಂತ್ರನಾಗಿದ್ದರೂ ತನ್ನನ್ನು ಎಲ್ಲರಿಗೂ ದಾಸನನ್ನಾಗಿ ಮಾಡಿಕೊಂಡೆನೆನ್ನುತ್ತಾನೆ (9:19). ಬಲಹೀನರನ್ನು ಗಳಿಸಿಕೊಳ್ಳಲು ತಾನೂ ಬಲಹೀನನಾದೆನೆನ್ನುತ್ತಾನೆ (9:22). ಇದಾದ ಒಡನೆಯೇ ಓಟದ ಕಣ ಬರುತ್ತದೆ.

ಇಲ್ಲಿ ಎರಡು ಗ್ರೀಕ್ ಪದಗಳು ಗಮನಾರ್ಹ. 9:27ರಲ್ಲಿ ದೇಹವನ್ನು ಜಜ್ಜುವ ಅರ್ಥದಲ್ಲಿ ಬಂದಿರುವ ಹುಪೋಪಿಯಾಜೋ ಎಂಬ ಕ್ರಿಯಾಪದ ಮುಷ್ಟಿಯುದ್ಧದಿಂದ ಬಂದದ್ದು. ಕಣ್ಣಿನ ಕೆಳಗೆ ಗುದ್ದುವುದೆಂಬುದು ಅದರ ಮೂಲಾರ್ಥ. ಹೊಸ ಒಡಂಬಡಿಕೆಯಲ್ಲಿ ಇದು ಮತ್ತೊಮ್ಮೆ ಮಾತ್ರ ಬರುತ್ತದೆ: ಲೂಕ 18:5ರಲ್ಲಿ, ವಿಧವೆಯ ಎಡೆಬಿಡದ ಮೊರೆಯಿಂದ ಬೇಸತ್ತ ನ್ಯಾಯಾಧಿಪತಿಯ ಬಾಯಲ್ಲಿ. ಎರಡನೆಯದು ಡೌಲಗೋಗೋ, ದಾಸತ್ವಕ್ಕೆ ಒಯ್ಯುವುದು. 9:19ರಲ್ಲಿ ತನ್ನನ್ನು ಎಲ್ಲರಿಗೂ ದಾಸನನ್ನಾಗಿ ಮಾಡಿಕೊಂಡೆನೆಂದು ಹೇಳಿದಾಗಲೂ ಪೌಲನು ಇದೇ ಮೂಲದ ಪದವನ್ನೇ ಬಳಸಿದ್ದನು. ಈ ಎರಡು ವಚನಗಳು ಒಂದಕ್ಕೊಂದು ಕೊಂಡಿಯಾಗಿ ನಿಂತಿವೆ. ದೇಹವನ್ನು ದಾಸತ್ವಕ್ಕೆ ಒಪ್ಪಿಸಿದುದರ ಅರ್ಥ ದೇಹವನ್ನು ದ್ವೇಷಿಸಿದನೆಂದಲ್ಲ; ಆ ದೇಹವು ಇತರರ ಸೇವೆಗೆ ದೊರಕುವಂತೆ ಮಾಡಿದನೆಂದು.

ಪೌಲನ ಸಾಧನೆ ಎಲ್ಲಿ ನಡೆಯಿತು? ವ್ಯಾಯಾಮಶಾಲೆಯಲ್ಲಲ್ಲ. ಕೈಯಾರೆ ದುಡಿದು ದಣಿಯುತ್ತಿದ್ದೇವೆಂದು ಅದೇ ಪತ್ರಿಕೆಯಲ್ಲಿ ಬರೆಯುತ್ತಾನೆ (4:12). ನಿದ್ದೆಗೆಟ್ಟದ್ದು, ಹಸಿದದ್ದು, ಚಳಿಯಲ್ಲಿ ನಡುಗಿದ್ದು ಎರಡನೆಯ ಪತ್ರಿಕೆಯ ಪಟ್ಟಿಯಲ್ಲಿವೆ (11:27). ಕೈಕೆಲಸವನ್ನು ಕೀಳೆಂದೆಣಿಸುತ್ತಿದ್ದ ಗ್ರೀಕ್ ರೋಮನ್ ಸಿರಿವಂತರ ದೃಷ್ಟಿಯಲ್ಲಿ, ಚರ್ಮ ಬಟ್ಟೆ ಹೊಲಿಯುವ ಪೌಲನ ದೇಹವು ಆಟಗಾರನ ದೇಹವಾಗಿರಲಿಲ್ಲ. ಅದು ಕೂಲಿಯವನ ದೇಹವಾಗಿತ್ತು. ಅವನ ಪತ್ರಿಕೆಗಳು ತೂಕವುಳ್ಳವು, ಆದರೆ ಎದುರಿಗೆ ನೋಡಿದರೆ ಬಲವಿಲ್ಲದವನೆಂದು ಅವರೇ ಆಡಿಕೊಳ್ಳುತ್ತಿದ್ದರು (2 ಕೊರಿಂಥ 10:10). ಅವನ ಶರೀರದಲ್ಲಿ ನಾಟಿದ ಮುಳ್ಳೊಂದಿತ್ತು. ಅದು ತೊಲಗಲೆಂದು ಮೂರು ಸಾರಿ ಬೇಡಿದರೂ ತೊಲಗಲಿಲ್ಲ (12:7-9). ಓಟಗಾರನ ರೂಪಕವನ್ನು ಸಭೆಗೆ ಕೊಟ್ಟವನು ಪ್ರಾಯಶಃ ಕಣದಲ್ಲಿ ಓಡಲಾಗದಿದ್ದ ಮನುಷ್ಯ.

ಈಗ 9:25ರಲ್ಲಿ ಬರುವ ಆತ್ಮಸಂಯಮದ ಅರ್ಥ ಬಿಚ್ಚಿಕೊಳ್ಳುತ್ತದೆ. ಆಟಗಾರನು ತನಗೆ ಅನುಮತಿಯಿರುವ ಎಷ್ಟೋ ವಿಷಯಗಳನ್ನು ಕಿರೀಟಕ್ಕಾಗಿ ಬಿಟ್ಟುಬಿಡುತ್ತಾನೆ. ಹಾಗೆಯೇ ಬಲಿಷ್ಠ ವಿಶ್ವಾಸಿಯು ತನಗೆ ಹಕ್ಕಿರುವುದನ್ನು ಬಲಹೀನನಿಗಾಗಿ ಬಿಟ್ಟುಬಿಡಲಿ ಎಂಬುದು ಪೌಲನ ಕರೆ. ಕಣದ ಬಹುಮಾನ ಒಬ್ಬನಿಗೆ. ಆದರೆ ಪೌಲನು ತನ್ನ ಓದುಗರೆಲ್ಲರಿಗೂ ಬಹುವಚನದಲ್ಲಿ ಆಜ್ಞಾಪಿಸುತ್ತಾನೆ, ನೀವೆಲ್ಲರೂ ಪಡೆಯುವಂತೆ ಓಡಿರಿ ಎಂಬ ಅರ್ಥದಲ್ಲಿ. ಪಕ್ಕದವನನ್ನು ಹಿಂದೆ ಹಾಕುವುದೇ ಗೆಲುವೆಂಬ ಕಣದ ನಿಯಮವನ್ನು ಅವನು ಇಲ್ಲಿ ಮುರಿದುಬಿಟ್ಟಿದ್ದಾನೆ. ಪಕ್ಕದವನನ್ನು ಬಿಟ್ಟು ಓಡುವವನೇ ಈ ಓಟದಲ್ಲಿ ಅಯೋಗ್ಯನೆನಿಸಿಕೊಳ್ಳುತ್ತಾನೆ.

3. ದೇಹವನ್ನು ಕುರಿತು ಎರಡು ತಪ್ಪುಗಳು

ಸಭೆಯ ಚರಿತ್ರೆಯಲ್ಲಿ ಈ ವಾಕ್ಯಭಾಗವು ಎರಡು ವಿರುದ್ಧ ದಿಕ್ಕುಗಳಿಗೆ ಎಳೆಯಲ್ಪಟ್ಟಿದೆ. ಮೊದಲನೆಯದು, ದೇಹವನ್ನೇ ಶತ್ರುವೆಂದೆಣಿಸಿ ಅದನ್ನು ಹಿಂಸಿಸುವುದು. ಕೊಲೊಸ್ಸೆ 2:23 ಇಂಥ ಕಠೋರ ದೇಹದಂಡನೆಯ ನಿಷ್ಪ್ರಯೋಜಕತೆಯನ್ನು ಬಯಲುಮಾಡುತ್ತದೆ. ಇದರ ಸೌಮ್ಯ ರೂಪ ನಮ್ಮ ಸಭೆಗಳಲ್ಲಿಯೂ ಇದೆ. ಆತ್ಮವೇ ಮುಖ್ಯ, ಮಣ್ಣಾಗುವ ಶರೀರದ ಚಿಂತೆ ಏಕೆ ಎಂಬ ಮಾತು ಭಕ್ತಿಯ ಮಾತಿನಂತೆ ಕೇಳಿಸುತ್ತದೆ. ಆದರೆ ವಾಕ್ಯವು ಶರೀರಧಾರಿಯಾಯಿತೆಂದು ನಂಬುವ ಸಭೆ, ಶರೀರದ ಪುನರುತ್ಥಾನವನ್ನು ವಿಶ್ವಾಸಪ್ರಮಾಣದಲ್ಲಿ ಅರಿಕೆ ಮಾಡುವ ಸಭೆ ಹಾಗೆ ಮಾತನಾಡಲಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನವು ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ದೇಹವನ್ನು ಅಲಕ್ಷಿಸಿ ಬರಿಸಿಕೊಂಡ ರೋಗದ ಭಾರವನ್ನು ಹೊರುವವರು ಮನೆಯವರು ಮತ್ತು ಸಭೆಯವರು. ಆದುದರಿಂದ ಆರೋಗ್ಯದ ಕಾಳಜಿಯೂ ನೆರೆಯವನ ಮೇಲಣ ಪ್ರೀತಿಯ ಒಂದು ಅಂಗ.

ಎರಡನೆಯ ತಪ್ಪು ದೇಹವನ್ನು ವಿಗ್ರಹವಾಗಿಸುವುದು. ದೇಹವು ಪವಿತ್ರಾತ್ಮನ ಆಲಯವೆಂಬ ಬೋಧನೆಯನ್ನು (1 ಕೊರಿಂಥ 6:19) ವ್ಯಾಯಾಮದ ಪ್ರೋತ್ಸಾಹಕ್ಕಾಗಿ ಉಪಯೋಗಿಸುವುದುಂಟು. ಆದರೆ ಅಲ್ಲಿನ ಚರ್ಚೆ ಲೈಂಗಿಕ ಅಶುದ್ಧತೆಯದು, ಮತ್ತು ವಾದದ ತಿರುಳು ನೀವು ನಿಮ್ಮ ಸ್ವಂತ ಸೊತ್ತಲ್ಲ ಎಂಬುದು. ಆಲಯದ ಮಹಿಮೆ ಅದರ ಕಂಬಗಳ ಅಂದದಿಂದಲ್ಲ, ಅದರಲ್ಲಿ ವಾಸಿಸುವಾತನಿಂದ. ಮುದಿಯಾದ, ರೋಗದಿಂದ ಕುಗ್ಗಿದ, ಹಾಸಿಗೆ ಹಿಡಿದ ದೇಹವೂ ಅಷ್ಟೇ ಪೂರ್ಣವಾಗಿ ಆಲಯ. ದೇಹಸಾಧನೆಗೆ ಸ್ವಲ್ಪಮಟ್ಟಿನ ಪ್ರಯೋಜನವಿದೆಯೆಂದು 1 ತಿಮೊಥೆ 4:8 ಹೇಳುತ್ತದೆ. ಆ ಅಳತೆಯೇ ಸರಿಯಾದ ಅಳತೆ: ಪ್ರಯೋಜನವಿದೆ, ಅದು ನಿಜ, ಅದಕ್ಕೊಂದು ಮಿತಿಯಿದೆ, ಅದೂ ನಿಜ. ಮಿತಿಯನ್ನು ಮರೆತಾಗ ಆರೋಗ್ಯವೇ ರಕ್ಷಣೆಯ ಸ್ಥಾನವನ್ನು ಆಕ್ರಮಿಸುತ್ತದೆ. ದಿನದ ಹೆಜ್ಜೆಗಳ ಲೆಕ್ಕ, ತೂಕದ ಲೆಕ್ಕ, ವೇಗದ ಲೆಕ್ಕ ಒಂದು ಹೊಸ ಧರ್ಮಶಾಸ್ತ್ರವಾಗುತ್ತವೆ. ಅದನ್ನು ಕೈಕೊಂಡವನಿಗೆ ಗರ್ವ, ಕೈಕೊಳ್ಳಲಾರದವನಿಗೆ ಅಪರಾಧಭಾವ. ಕ್ರಿಯೆಗಳಿಂದ ನೀತಿವಂತರಾಗುವುದಿಲ್ಲವೆಂದು ಬೋಧಿಸುವ ನಾವು ಈ ಹೊಸ ಕ್ರಿಯೆಗಳ ವಿಷಯದಲ್ಲಿಯೂ ಅದನ್ನೇ ಬೋಧಿಸಬೇಕು.

4. ಸ್ನಾಯುಬಲದ ಕ್ರೈಸ್ತತ್ವ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೇಹಸಾಧನೆಗೂ ವಿಶ್ವಾಸಕ್ಕೂ ಗಂಟುಹಾಕಿದ ಒಂದು ಚಳವಳಿ ಹುಟ್ಟಿತು. 1857ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿಯವರ ಕಾದಂಬರಿಯೊಂದರ ವಿಮರ್ಶೆಯಲ್ಲಿ ಅದಕ್ಕೆ ಸ್ನಾಯುಬಲದ ಕ್ರೈಸ್ತತ್ವವೆಂಬ ಹೆಸರು ಬಿತ್ತು. ಅದೇ ವರ್ಷ ಪ್ರಕಟವಾದ ಥಾಮಸ್ ಹ್ಯೂಸರ ಶಾಲಾ ಕಾದಂಬರಿ ಈ ಆದರ್ಶವನ್ನು ಮನೆಮನೆಗೆ ಮುಟ್ಟಿಸಿತು. ಆಟದ ಮೈದಾನವು ಧೈರ್ಯ, ನ್ಯಾಯ, ಸಹಕಾರಗಳ ಪಾಠಶಾಲೆಯೆಂಬುದು ಅದರ ನಂಬಿಕೆ. 1844ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿದ್ದ ವೈ.ಎಂ.ಸಿ.ಎ. ಕಾಲಕ್ರಮದಲ್ಲಿ ಆತ್ಮ, ಮನಸ್ಸು, ದೇಹ ಎಂಬ ಮೂರು ಬದಿಗಳ ತ್ರಿಕೋನವನ್ನು ತನ್ನ ಗುರುತಾಗಿಸಿಕೊಂಡಿತು. 1891ರಲ್ಲಿ ಬ್ಯಾಸ್ಕೆಟ್‌ಬಾಲ್, 1895ರಲ್ಲಿ ವಾಲಿಬಾಲ್ ಅಮೆರಿಕದ ವೈ.ಎಂ.ಸಿ.ಎ. ಶಿಕ್ಷಕರಿಂದಲೇ ರೂಪುಗೊಂಡವು. ನಮ್ಮ ಹಳ್ಳಿಗಳ ಶಾಲಾ ಬಯಲುಗಳಲ್ಲಿ ಇಂದಿಗೂ ಕಾಣುವ ವಾಲಿಬಾಲಿನ ಬಲೆಗೆ ಹೀಗೊಂದು ಹಿನ್ನೆಲೆಯಿದೆ. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ಶಾಲೆಗಳಿಗೆ ತಲೆಮಾರುಗಳ ಕಾಲ ಶಿಕ್ಷಕರನ್ನು ಒದಗಿಸಿತು.

ಈ ಚಳವಳಿಯ ಉಪಕಾರ ದೊಡ್ಡದು. ಅದರ ಕೊರತೆಯೂ ದೊಡ್ಡದು. ಬಲಿಷ್ಠ ಪುರುಷದೇಹವನ್ನು ಅದು ಸದ್ಗುಣದ ಚಿಹ್ನೆಯಾಗಿ ಮಾಡಿತು. ಸಾಮ್ರಾಜ್ಯವನ್ನು ಆಳುವವರ ಆತ್ಮವಿಶ್ವಾಸಕ್ಕೆ ಆ ಚಿಹ್ನೆ ಅನುಕೂಲವಾಗಿ ಒದಗಿತು. ಸ್ತ್ರೀಯರು, ಅಂಗವಿಕಲರು, ರೋಗಿಗಳು ಆ ಚಿತ್ರದ ಅಂಚಿನಲ್ಲಿ ಉಳಿದರು. ಪುರಾತನ ಸಭೆಗೆ ಇದಕ್ಕಿಂತ ವಿಶಾಲವಾದ ನೆನಪಿತ್ತು. ಕ್ರಿ.ಶ. 203ರಲ್ಲಿ ಕಾರ್ಥೇಜಿನಲ್ಲಿ ರಕ್ತಸಾಕ್ಷಿಯಾದ ಪೆರ್ಪೆತುವ ಎಂಬ ಎಳೆಯ ತಾಯಿ, ಸೆರೆಮನೆಯಲ್ಲಿ ಕಂಡ ದರ್ಶನದಲ್ಲಿ ತಾನೇ ಕಣದಲ್ಲಿ ಹೋರಾಡಿ ಗೆದ್ದು ಬಹುಮಾನದ ಕೊಂಬೆಯನ್ನು ಪಡೆಯುತ್ತಾಳೆ. ಅವಳೊಂದಿಗೆ ಸತ್ತ ಫೆಲಿಸಿತಾ ದಾಸಿಯಾಗಿದ್ದಳು, ಬಾಣಂತಿಯಾಗಿದ್ದಳು. ಆದಿಸಭೆ ಆಟಗಾರರೆಂದು ಕೊಂಡಾಡಿದ್ದು ಇಂಥವರನ್ನು.

5. ಎರಿಕ್ ಲಿಡೆಲ್: ಭಾನುವಾರದ ಎರಡು ತೀರ್ಮಾನಗಳು

ಓಟ ಮತ್ತು ವಿಶ್ವಾಸವೆಂದೊಡನೆ ನೆನಪಿಗೆ ಬರುವ ಹೆಸರು ಎರಿಕ್ ಲಿಡೆಲ್. 1902ರಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳಿಗೆ ಜನಿಸಿದ ಇವರು ಲಂಡನ್ ಮಿಷನರಿ ಸೊಸೈಟಿಯ ಪರಂಪರೆಗೆ ಸೇರಿದವರು. 1810ರಲ್ಲಿ ಜಾನ್ ಹ್ಯಾಂಡ್ಸರನ್ನು ಬಳ್ಳಾರಿಗೆ ಕಳುಹಿಸಿದ್ದೂ, ಕನ್ನಡ ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದ್ದೂ ಇದೇ ಸೊಸೈಟಿ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತುಗಳು ಭಾನುವಾರದಂದು ನಿಗದಿಯಾಗಿದ್ದವು. ಕರ್ತನ ದಿನದಲ್ಲಿ ಓಡುವುದಿಲ್ಲವೆಂದು ಲಿಡೆಲ್ ನಿರ್ಧರಿಸಿದರು. ಬದಲಾಗಿ 400 ಮೀಟರಿನಲ್ಲಿ ಸ್ಪರ್ಧಿಸಿ 47.6 ಸೆಕೆಂಡುಗಳಲ್ಲಿ ಚಿನ್ನವನ್ನೂ, 200 ಮೀಟರಿನಲ್ಲಿ ಕಂಚನ್ನೂ ಗಳಿಸಿದರು.

1981ರ ಪ್ರಸಿದ್ಧ ಚಲನಚಿತ್ರ ಕಥೆಯನ್ನು ಹೆಚ್ಚುಕಡಿಮೆ ಇಲ್ಲಿಗೆ ನಿಲ್ಲಿಸುತ್ತದೆ. ಓಡುವಾಗ ದೇವರ ಸಂತೋಷ ತನಗೆ ಅನುಭವವಾಗುತ್ತದೆಂದು ಅದರಲ್ಲಿ ಲಿಡೆಲ್ ಹೇಳುವ ಮಾತು ಪ್ರಸಂಗಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದು ಚಿತ್ರಕಥೆಯ ಲೇಖಕರು ಬರೆದ ಮಾತು. ನಮ್ಮ ವಿಷಯಕ್ಕೆ ಹೆಚ್ಚು ಬೆಳಕು ಕೊಡುವುದು ಚಲನಚಿತ್ರ ತೋರಿಸದ ಉತ್ತರಾರ್ಧ. 1925ರಲ್ಲಿ, ಕೀರ್ತಿಯ ತುದಿಯಲ್ಲಿರುವಾಗಲೇ, ಲಿಡೆಲ್ ಚೀನಾಕ್ಕೆ ಹಿಂದಿರುಗಿ ಶಾಲೆಯಲ್ಲಿ ವಿಜ್ಞಾನ ಕಲಿಸತೊಡಗಿದರು. ಆಮೇಲೆ ಯುದ್ಧದಿಂದ ತತ್ತರಿಸಿದ ಹಳ್ಳಿಗಳಲ್ಲಿ ಸೇವೆ ಮಾಡಿದರು. 1943ರಲ್ಲಿ ಜಪಾನಿ ಸೇನೆ ಅವರನ್ನು ವೈಶಿಯನ್ ಬಂಧನ ಶಿಬಿರದಲ್ಲಿಟ್ಟಿತು. ತಂದೆತಾಯಿಗಳಿಂದ ಅಗಲಿದ ಅನೇಕ ಶಾಲಾಮಕ್ಕಳು ಅಲ್ಲಿದ್ದರು. ಲಿಡೆಲ್ ಅವರಿಗೆ ಪಾಠ ಹೇಳಿದರು, ಆಟಗಳನ್ನು ಏರ್ಪಡಿಸಿದರು, ಮುದುಕರಿಗೆ ನೀರು ಕಲ್ಲಿದ್ದಲು ಹೊತ್ತುಕೊಟ್ಟರು.

ಭಾನುವಾರಗಳಂದು ಆಟ ಆಡಿಸಲು ಅವರು ಮೊದಲು ಒಪ್ಪಲಿಲ್ಲ. ಆದರೆ ತೀರ್ಪುಗಾರರಿಲ್ಲದೆ ಆಡಿದ ಮಕ್ಕಳ ಹಾಕಿ ಆಟ ಜಗಳದಲ್ಲಿ ಮುಗಿದದ್ದನ್ನು ಕಂಡ ಮೇಲೆ, ಮುಂದಿನ ಭಾನುವಾರ ತಾವೇ ತೀರ್ಪುಗಾರರಾಗಿ ಮೈದಾನಕ್ಕಿಳಿದರೆಂದು ಶಿಬಿರದಲ್ಲಿದ್ದವರು ಸ್ಮರಿಸಿದ್ದಾರೆ. ಒಲಿಂಪಿಕ್ ಚಿನ್ನಕ್ಕಾಗಿ ಮುರಿಯದ ನಿಯಮವನ್ನು ಅವರು ಮಕ್ಕಳಿಗಾಗಿ ಸಡಿಲಿಸಿದರು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ; 1 ಕೊರಿಂಥ 9ರ ಬೆಳಕಿನಲ್ಲಿ ಎರಡೂ ಒಂದೇ. ಪ್ಯಾರಿಸಿನಲ್ಲಿ ಅವರು ಬಿಟ್ಟುಕೊಟ್ಟದ್ದು ಗೌರವದ ಹಕ್ಕನ್ನು. ವೈಶಿಯನ್ನಿನಲ್ಲಿ ಬಿಟ್ಟುಕೊಟ್ಟದ್ದು ತನ್ನ ನಿಷ್ಠೆಯ ಹೆಮ್ಮೆಯನ್ನು. ಸವೆದ ತಮ್ಮ ಓಟದ ಬೂಟುಗಳನ್ನು ಚಳಿಗಾಲದಲ್ಲಿ ಶಿಬಿರದ ಒಬ್ಬ ಹುಡುಗನಿಗೆ ಕೊಟ್ಟರು. ಅವನು ಮುಂದೆ ಮಿಷನರಿಯಾಗಿ ಹೋದದ್ದು ಜಪಾನಿಗೇ. 1945ರ ಫೆಬ್ರವರಿ 21ರಂದು, 43ನೆಯ ವಯಸ್ಸಿನಲ್ಲಿ, ಮೆದುಳಿನ ಗಡ್ಡೆಯಿಂದ ಲಿಡೆಲ್ ತೀರಿಕೊಂಡರು. ಲೋಕದ ಅತ್ಯಂತ ಬಲವಾದ ಕಾಲುಗಳೂ ರೋಗವನ್ನು ತಡೆಯಲಿಲ್ಲ. ಅವರ ಓಟ ಅಪೂರ್ಣವಾಯಿತೆಂದು ಯಾರೂ ಹೇಳಲಾರರು.

6. ಓಡಲಾರದವರು

ಹಾಗಾದರೆ ಓಡಲಾರದವರಿಗೆ ಈ ರೂಪಕದಲ್ಲಿ ಸ್ಥಳವೆಲ್ಲಿ? ಸತ್ಯವೇದದ ಮಹಾ ಓಟಗಾರನೊಬ್ಬನು ಇದಕ್ಕೆ ಉತ್ತರ ಕೊಡುತ್ತಾನೆ. ಕರ್ಮೆಲ್ ಬೆಟ್ಟದಿಂದ ಇಜ್ರೇಲಿನ ತನಕ ಎಲೀಯನು ಅಹಾಬನ ರಥಕ್ಕಿಂತ ಮುಂದಾಗಿ ಓಡಿದನು (1 ಅರಸು 18:46). ಅದು 20 ಕಿಲೋಮೀಟರಿಗೂ ಮಿಕ್ಕಿದ ದಾರಿ. ಮುಂದಿನ ಅಧ್ಯಾಯದಲ್ಲಿ ಅವನೇ ಪ್ರಾಣಭಯದಿಂದ ಓಡಿ, ಅರಣ್ಯದ ಗಿಡವೊಂದರ ಕೆಳಗೆ ಕುಸಿದು ಸಾವನ್ನು ಬೇಡುತ್ತಾನೆ. ದೇವದೂತನು ಅವನಿಗೆ ಗದರಿಕೆಯ ಮಾತನ್ನು ಹೇಳಲಿಲ್ಲ. ರೊಟ್ಟಿ, ನೀರು, ನಿದ್ರೆ, ಮತ್ತೊಮ್ಮೆ ರೊಟ್ಟಿ: ಇವನ್ನು ಕೊಟ್ಟನು. ದಣಿದ ದೇಹಕ್ಕೆ ದೇವರು ಮಾಡುವ ಮೊದಲ ಉಪಚಾರ ಇದು.

ಯೆಶಾಯ 40:31ರ ಕ್ರಮವೂ ಗಮನಾರ್ಹ. ಹದ್ದಿನಂತೆ ಹಾರುವುದು ಮೊದಲು, ಬಳಲದೆ ಓಡುವುದು ಅನಂತರ, ಬಸವಳಿಯದೆ ನಡೆಯುವುದು ಕೊನೆಗೆ. ವೇಗ ಇಳಿಯುತ್ತ ಹೋಗುತ್ತದೆ, ವಾಗ್ದಾನವು ಇಳಿಯುವುದಿಲ್ಲ. ಸೆರೆಯಿಂದ ಮನೆಗೆ ಮರಳಬೇಕಾದ ಜನರಲ್ಲಿ ಮುದುಕರಿದ್ದರು, ಮಕ್ಕಳಿದ್ದರು. ಅವರಿಗೆ ಬೇಕಾಗಿದ್ದ ಬಲ ನಡಿಗೆಯ ಬಲ.

ಇಂದಿನ ಕ್ರೀಡಾಲೋಕದಲ್ಲಿಯೇ ಪೌಲನ ಓಟಕ್ಕೆ ಹತ್ತಿರವಾದ ಒಂದು ದೃಶ್ಯವಿದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ದೃಷ್ಟಿಯಿಲ್ಲದ ಓಟಗಾರ್ತಿ. 2018ರಲ್ಲಿ ಜಕಾರ್ತದಲ್ಲಿಯೂ 2023ರಲ್ಲಿ ಹಾಂಗ್‌ಝೌನಲ್ಲಿಯೂ ನಡೆದ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದವರು. ಅವರ ವಿಭಾಗದಲ್ಲಿ ಓಟಗಾರರ ಕೈಗೆ ಒಂದು ಕಿರುಹಗ್ಗ. ಅದರ ಇನ್ನೊಂದು ತುದಿಯನ್ನು ಹಿಡಿದು ಪಕ್ಕದಲ್ಲಿ ಮಾರ್ಗದರ್ಶಿ ಓಟಗಾರರು ಓಡುತ್ತಾರೆ. ಮಾರ್ಗದರ್ಶಿಯು ಎಳೆಯಬಾರದು, ದೂಡಬಾರದು. ಗುರಿಯ ಗೆರೆಯನ್ನು ಓಟಗಾರರಿಗಿಂತ ಮೊದಲು ದಾಟಲೂ ಬಾರದು. ದಾಟಿದರೆ ಓಟವೇ ಅನರ್ಹ. ಮಾರ್ಗದರ್ಶಿಗೆ ಅಪಾರ ದೇಹಬಲ ಬೇಕು, ವರ್ಷಗಳ ಸಾಧನೆ ಬೇಕು. ಆದರೆ ಆ ಬಲವೆಲ್ಲ ಇನ್ನೊಬ್ಬರ ಹೆಜ್ಜೆಗೆ ಹೊಂದಿಕೊಳ್ಳುವುದಕ್ಕಾಗಿ. ಬಲಹೀನರಿಗೆ ಬಲಹೀನನಾದ ಅಪೊಸ್ತಲನ ಆತ್ಮಸಂಯಮವನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ನಮಗೆ ಕಾಣದು.

7. ನಮ್ಮ ಸಭೆಗಳಿಗೆ

ಈ ವಿಚಾರದಿಂದ ಕೆಲವು ಪ್ರಾಯೋಗಿಕ ಸೂಚನೆಗಳು ಹೊರಡುತ್ತವೆ.

ಮೊದಲನೆಯದಾಗಿ, ವ್ಯಾಯಾಮವನ್ನು ಬೋಧಿಸುವಾಗ ಯಾರ ದೇಹದ ಕುರಿತು ಮಾತನಾಡುತ್ತಿದ್ದೇವೆಂಬುದನ್ನು ನೋಡಬೇಕು. ಕುರ್ಚಿಯಲ್ಲಿ ಕುಳಿತು ದುಡಿಯುವವರಿಗೆ ಓಟ ಔಷಧವಾಗಬಹುದು. ಆದರೆ ನಮ್ಮ ಸಭಿಕರಲ್ಲಿ ಅನೇಕರು ಹೊಲದಲ್ಲಿ, ತೋಟದಲ್ಲಿ, ಕಟ್ಟಡ ಕೆಲಸದಲ್ಲಿ ದಿನವಿಡೀ ಮೈಮುರಿಯುವವರು. ನಗರದ ಓಟ ಮುಗಿದ ಮೇಲೆ ರಸ್ತೆಯಲ್ಲಿ ಬಿದ್ದ ನೀರಿನ ಬಾಟಲಿಗಳನ್ನು ಹೆಕ್ಕುವ ಪೌರಕಾರ್ಮಿಕರಲ್ಲಿಯೂ ನಮ್ಮವರಿದ್ದಾರೆ. ಅವರಿಗೆ ಬೇಕಾದ ಸುವಾರ್ತೆ ವಿಶ್ರಾಂತಿಯದು, ನ್ಯಾಯವಾದ ಕೂಲಿಯದು, ಹೊಟ್ಟೆತುಂಬ ಊಟದ್ದು. ಸಬ್ಬತ್ತಿನ ಆಜ್ಞೆಯು ದಾಸದಾಸಿಯರನ್ನು ಹೆಸರಿಸಿಯೇ ವಿಶ್ರಾಂತಿಯನ್ನು ವಿಧಿಸುತ್ತದೆ (ಧರ್ಮೋಪದೇಶಕಾಂಡ 5:14).

ಎರಡನೆಯದಾಗಿ, ದೊಡ್ಡ ಓಟಗಳು ಹೆಚ್ಚಾಗಿ ಭಾನುವಾರ ಬೆಳಿಗ್ಗೆಯೇ ನಡೆಯುತ್ತವೆ. ಲಿಡೆಲ್ಲರ ಮೊದಲ ತೀರ್ಮಾನವನ್ನು ಕಾನೂನಾಗಿ ಹೇರುವುದು ನಮ್ಮ ಉದ್ದೇಶವಲ್ಲ. ಆದರೂ ಯುವಜನರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನನ್ನ ಸಾಧನೆ ನನ್ನನ್ನು ಸಹವಿಶ್ವಾಸಿಗಳ ಕೂಟಕ್ಕೆ ಹತ್ತಿರ ತರುತ್ತಿದೆಯೇ, ದೂರ ಒಯ್ಯುತ್ತಿದೆಯೇ? ಕರ್ತನ ಭೋಜನಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿರೆಂದು ಪೌಲನು ಇದೇ ಕೊರಿಂಥದವರಿಗೆ ಆಜ್ಞಾಪಿಸಿದ್ದಾನೆ (1 ಕೊರಿಂಥ 11:33). ಕಾಯುವುದನ್ನು ಕಲಿಸದ ಓಟ ಕ್ರೈಸ್ತ ಸಾಧನೆಯಾಗದು.

ಮೂರನೆಯದಾಗಿ, ಸಭಾಪಾಲಕರ ಮತ್ತು ದೈವಶಾಸ್ತ್ರ ವಿದ್ಯಾರ್ಥಿಗಳ ಆರೋಗ್ಯ. ಮನೆಮನೆಯ ಭೇಟಿ, ಹೊತ್ತುಗೊತ್ತಿಲ್ಲದ ಊಟ, ತಡರಾತ್ರಿಯ ಕೂಟಗಳ ನಡುವೆ ದೇಹವನ್ನು ಕೆಡಿಸಿಕೊಳ್ಳುವುದನ್ನು ತ್ಯಾಗವೆಂದು ಹೊಗಳುವ ರೂಢಿ ನಿಲ್ಲಬೇಕು. ದಿನಕ್ಕೆ ಅರ್ಧ ಗಂಟೆಯ ನಡಿಗೆಗೆ ಸಮಯ ಬಿಡುವ ಸಭೆಯು ತನ್ನ ಪಾಲಕನ ಸೇವೆಯನ್ನು ದೀರ್ಘಗೊಳಿಸುತ್ತದೆ.

ನಾಲ್ಕನೆಯದಾಗಿ, ದೇವಾಲಯದ ಮೆಟ್ಟಿಲುಗಳು. ಗಾಲಿಕುರ್ಚಿಯಲ್ಲಿರುವವರು ಒಳಗೆ ಬರಲಾಗದ ಆಲಯದಲ್ಲಿ ನಿಂತು ಓಟದ ಪ್ರಸಂಗ ಮಾಡುವುದು ಸಲ್ಲದು. ಯುವಕ ಸಂಘವು ಓಟದ ಬದಲು ಒಂದು ನಡಿಗೆಯನ್ನು ಏರ್ಪಡಿಸಿ, ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವನ್ನೇ ಎಲ್ಲರ ವೇಗವನ್ನಾಗಿ ಮಾಡಿಕೊಳ್ಳಲಿ. ಬಲಿಷ್ಠರಿಗೆ ಅದೊಂದು ಕಠಿಣ ಸಾಧನೆಯಾಗುವುದರಲ್ಲಿ ಸಂದೇಹವಿಲ್ಲ.

ಉಪಸಂಹಾರ

ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯವು ಮೇಘದಂತೆ ಕವಿದಿರುವ ಸಾಕ್ಷಿಗಳ ನಡುವೆ ಓಡುವ ಸಭೆಯನ್ನು ಚಿತ್ರಿಸುತ್ತದೆ. ಅವರನ್ನು ಕಣದ ಸುತ್ತಲಿನ ಪ್ರೇಕ್ಷಕರೆಂದು ಮಾತ್ರ ಭಾವಿಸುವುದು ಸಾಲದು. ಅದಕ್ಕಿಂತ ಸ್ವಲ್ಪ ಮೊದಲು ಬರುವ ಮಾತನ್ನು (11:39-40) ಜೊತೆಗಿಟ್ಟು ಓದಬೇಕು. ಅಬ್ರಹಾಮನಿಂದ ಹಿಡಿದು ಹೆಸರಿಲ್ಲದ ರಕ್ತಸಾಕ್ಷಿಗಳವರೆಗೆ ಎಲ್ಲರೂ ವಿಶ್ವಾಸದಿಂದ ಓಡಿದರು. ಆದರೂ ನಮ್ಮನ್ನು ಬಿಟ್ಟು ಅವರು ಸಿದ್ಧಿಗೆ ಬರಬಾರದೆಂಬುದು ದೇವರ ಸಂಕಲ್ಪವಾಗಿತ್ತು. ಹೀಗೆ ಅತ್ಯಂತ ವೇಗವಾಗಿ ಓಡಿದವರು ಕೂಡ ಕೊನೆಯವರಿಗಾಗಿ ಕಾದಿದ್ದಾರೆ. ಅವರೆಲ್ಲರಿಗಿಂತ ಮುಂದೆ ಹೋದ ಯೇಸು ಶಿಲುಬೆಯಲ್ಲಿ ಚಲಿಸಲಾರದ ದೇಹವಾಗಿ ತನ್ನ ಓಟವನ್ನು ಮುಗಿಸಿದನು. ಆತನನ್ನು ದೃಷ್ಟಿಸಿ ಓಡುವ ಸಭೆಯಲ್ಲಿ ದೇಹದ ಬಲಕ್ಕೆ ಸ್ಥಾನವಿದೆ, ಸಾಧನೆಗೆ ಸ್ಥಾನವಿದೆ, ಓಟದ ಆನಂದಕ್ಕೂ ಸ್ಥಾನವಿದೆ. ಹಿಂದೆ ಉಳಿದವರ ಕೈಹಿಡಿಯಲು ಆ ಬಲವು ಒದಗಿದಾಗ, ದೇಹಸಾಧನೆಯೂ ಆರಾಧನೆಯ ಒಂದು ಭಾಗವಾಗುತ್ತದೆ.